ಕಾಗೆ ಮುಟ್ಟಿದೆ ಎನ್ನುವ ಮಾತು ಇನ್ನೆಷ್ಟು ದಿನ?

ಸೋದರಿಯರೇ, ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತಾರೆ? ನಮ್ಮ ಮನೆಯಲ್ಲಿ 'ಹೊರಗಾದಳು' ಅನ್ನುತ್ತಾರೆ. ಪಕ್ಕದ ಮನೆಯವರು 'ಕಡೆಗೆ ಕೂತಿದ್ದಾಳೆ' ಅನ್ನುತ್ತಾರೆ. ಚಿಕ್ಕ ಮಕ್ಕಳು ಕೇಳಿಬಿಟ್ಟರೆ 'ಕಾಗೆ ಮುಟ್ಟಿದೆ, ಹತ್ತಿರ ಹೋಗಬೇಡ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಾಲೇಜಿಗೆ ಹೋಗುವ ಹುಡುಗಿಯರು 'ಡೇಟ್' ಎಂದು ಪಿಸುಗುಟ್ಟುತ್ತಾರೆ. ತಿಂಗಳು ತಿಂಗಳು ಮನೆಮನೆಯಲ್ಲೂ ನಡೆಯುವ ಒಂದು ಸಂಗತಿಗೆ ಇಷ್ಟೊಂದು ಅಡ್ಡಹೆಸರು! ಮುಟ್ಟು ಎಂಬ ನೇರವಾದ ಹೆಸರೊಂದನ್ನು ಬಿಟ್ಟು ಬೇರೆಲ್ಲವೂ ನಮ್ಮ ಬಾಯಲ್ಲಿ ಬರುತ್ತದೆ. ಪಾಪ, ಆ ಕಾಗೆ ಏನು ಮಾಡಿತ್ತೋ!

ಚಿಕ್ಕವಳಿದ್ದಾಗ ನಾನು ಕಾಗೆಯನ್ನು ನಿಜವಾಗಿಯೂ ಅನುಮಾನದಿಂದ ನೋಡುತ್ತಿದ್ದೆ. ಹಿತ್ತಿಲಿಗೆ ಹೋದಾಗಲೆಲ್ಲ ತಲೆಯ ಮೇಲೆ ಕೈ ಇಟ್ಟುಕೊಂಡೇ ಓಡುತ್ತಿದ್ದೆ. 1992ರಲ್ಲಿ, ಎಂಟನೇ ಕ್ಲಾಸಿನ ಪರೀಕ್ಷೆ ಮುಗಿದ ವಾರ, ಲಂಗದ ಮೇಲೆ ಕಲೆ ಕಂಡಾಗ ಏನೋ ದೊಡ್ಡ ಕಾಯಿಲೆ ಬಂತು, ಇನ್ನು ಬದುಕುವುದಿಲ್ಲ ಅಂತಲೇ ಅಂದುಕೊಂಡೆ. ಅಮ್ಮನಿಗೆ ಹೇಳಲು ಅರ್ಧ ದಿನ ಬೇಕಾಯಿತು. ಅಮ್ಮ ಬೈಯಲಿಲ್ಲ, ಮುದ್ದಿಸಲೂ ಇಲ್ಲ. ಹಳೆಯ ಹತ್ತಿ ಸೀರೆಯ ನಾಲ್ಕು ತುಂಡು ಕೊಟ್ಟು, ಹೇಗೆ ಮಡಿಸಬೇಕು ಎಂದು ತೋರಿಸಿ, "ಯಾರ ಕಣ್ಣಿಗೂ ಬೀಳಬಾರದು" ಎಂದಳು. ಅಷ್ಟೇ ಪಾಠ. ಆಮೇಲೆ ಆರತಿ ಮಾಡಿದರು, ಕೊಬ್ಬರಿ ಬೆಲ್ಲ ತಿನ್ನಿಸಿದರು, ಚಿಗಳಿ ತಂಬಿಟ್ಟು ಹಂಚಿದರು, ಕೇರಿಯ ಹೆಂಗಸರೆಲ್ಲ ಬಂದು ಹಾಡು ಹೇಳಿದರು. ಊರಿಗೆಲ್ಲ ಗೊತ್ತಾಗುವಂತೆ ಒಸಗೆ ಮಾಡಿ, ಮಾರನೇ ತಿಂಗಳಿಂದ ಯಾರಿಗೂ ಗೊತ್ತಾಗದಂತೆ ಬಟ್ಟೆ ಬಚ್ಚಿಡು ಅನ್ನುವುದು ನಮ್ಮ ಸಂಪ್ರದಾಯದ ವಿಚಿತ್ರವಲ್ಲವೇ?

ಬಚ್ಚಿಟ್ಟೆ. ಸ್ನಾನದ ಮನೆಯಲ್ಲಿ ಹಂಡೆಯ ಹಿಂದೆ, ಸೌದೆ ಒಟ್ಟಿದ್ದ ಮೂಲೆಯಲ್ಲಿ ಒಂದು ಹಗ್ಗ ಇತ್ತು. ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಹಳೆಯ ಟವೆಲ್ಲು. ಮಳೆಗಾಲದಲ್ಲಿ ಅದು ಒಣಗುತ್ತಲೇ ಇರಲಿಲ್ಲ. ಹಸಿ ಹಸಿ ಬಟ್ಟೆಯನ್ನೇ ಮತ್ತೆ ಕಟ್ಟಿಕೊಂಡು ಸ್ಕೂಲಿಗೆ ಓಡುವುದು. ತೊಡೆ ಸಂದು ಉರಿ, ತುರಿಕೆ, ಬಿಳಿ ಸೆರಗು. ಒಂದಲ್ಲ ಎರಡಲ್ಲ, ಆರು ವರ್ಷ ಇದನ್ನೆಲ್ಲ ಹೆಣ್ಣಾಗಿ ಹುಟ್ಟಿದ್ದಕ್ಕೆ ಬರುವ ಕಂದಾಯ ಅಂತ ತಿಳಿದು ಅನುಭವಿಸಿದೆ. ಮದುವೆಯಾದ ಮೇಲೆ ಹೊಟ್ಟೆಯ ಕೆಳಭಾಗದಲ್ಲಿ ನೋವು ಶುರುವಾಗಿ ಲೇಡಿ ಡಾಕ್ಟರ ಹತ್ತಿರ ಹೋದಾಗ, ಅವರು ಪರೀಕ್ಷೆ ಮಾಡಿ ಕೇಳಿದ ಮೊದಲ ಪ್ರಶ್ನೆ, "ಬಟ್ಟೆ ಎಲ್ಲಿ ಒಣಗಿಸ್ತೀಯಮ್ಮ?"

ನನಗೆ ನಾಚಿಕೆಯಿಂದ ಮಾತೇ ಹೊರಡಲಿಲ್ಲ. ಅಲ್ಲಿಯತನಕ ಯಾರೂ, ನನ್ನ ತಾಯಿಯೂ ಸಹ, ಆ ಪ್ರಶ್ನೆ ಕೇಳಿರಲಿಲ್ಲ. ಹದಿನೈದು ದಿನದ ಔಷಧಿ, ಗಂಡನಿಗೂ ಮಾತ್ರೆ, ಜೊತೆಗೆ ಒಂದು ಕಟ್ಟಪ್ಪಣೆ: ಬಟ್ಟೆ ಬಿಸಿಲಿಗೆ ಬರಬೇಕು. ಆರು ವರ್ಷದ ತುರಿಕೆ ಒಂದು ತಿಂಗಳಲ್ಲಿ ಹೋಯಿತು ಎಂದರೆ ನಂಬುತ್ತೀರಾ?

ಬಟ್ಟೆ ಕೆಟ್ಟದ್ದಲ್ಲ, ಬಚ್ಚಿಡುವುದು ಕೆಟ್ಟದ್ದು

ಈಗ ಟೀವಿ ಜಾಹೀರಾತು ನೋಡಿದರೆ ಬಟ್ಟೆ ಉಪಯೋಗಿಸುವವರು ಯಾರೂ ಉಳಿದಿಲ್ಲ ಎಂದು ತೋರುತ್ತದೆ. ಹಾಗೇನಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 50 ಮಂದಿ ಬಟ್ಟೆಯನ್ನೂ ಬಳಸುತ್ತೇವೆ ಎಂದು ಹೇಳಿದ್ದರು. ಹಾಗಾಗಿ ಬಟ್ಟೆಯ ಮಾತನ್ನೇ ಮೊದಲು ಆಡೋಣ.

ಮೆತ್ತಗಿನ ಹಳೆಯ ಹತ್ತಿ ಬಟ್ಟೆ ಆಗಬೇಕು. ನೈಲಾನ್, ಪಾಲಿಯೆಸ್ಟರ್ ಸೀರೆಯ ಚೂರು ಬೇಡವೇ ಬೇಡ. ಅದು ಹೀರುವುದೂ ಇಲ್ಲ, ಚರ್ಮವನ್ನೂ ಉಜ್ಜುತ್ತದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು. ತೊಳೆಯುವಾಗ ಮೊದಲು ತಣ್ಣೀರು. ಬಿಸಿನೀರು ಮೊದಲೇ ಹಾಕಿದರೆ ರಕ್ತದ ಕಲೆ ಕಚ್ಚಿಕೊಂಡುಬಿಡುತ್ತದೆ. ಇದು ಹಾಲಿನ ಪಾತ್ರೆ ತೊಳೆಯುವ ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಆಮೇಲೆ ಸೋಪು, ಎರಡು ಮೂರು ನೀರಿನಲ್ಲಿ ಜಾಲಿಸಿ, ಚೆನ್ನಾಗಿ ಹಿಂಡಿ, ಕಣ್ಣು ಕುಕ್ಕುವ ಬಿಸಿಲಿನಲ್ಲಿ ಒಣಹಾಕಿ. ಬಿಸಿಲು ಕಾಣದ ಬಟ್ಟೆಯಲ್ಲಿ ತೇವ ಉಳಿಯುತ್ತದೆ, ತೇವದಲ್ಲಿ ಬೂಷ್ಟು ಮತ್ತು ರೋಗಾಣು ಬೆಳೆಯುತ್ತವೆ. ಹಪ್ಪಳ ಸಂಡಿಗೆಗೆ ತೋರಿಸುವ ಕಾಳಜಿಯ ಅರ್ಧದಷ್ಟನ್ನು ಈ ಬಟ್ಟೆಗೆ ತೋರಿಸಿದ್ದರೆ ನಾನು ಆ ಆರು ವರ್ಷ ನವೆಯುತ್ತಿರಲಿಲ್ಲ. ಮಳೆಗಾಲದಲ್ಲಿ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಒತ್ತಿಬಿಡಿ. ಒಣಗಿದ ಮೇಲೆ ಶುಭ್ರವಾದ ಚೀಲದಲ್ಲಿಡಿ, ಸೌದೆ ಸಂದಿಯಲ್ಲಲ್ಲ. ಕೆಲವು ತಿಂಗಳಾದ ಮೇಲೆ ಹಳೆಯದನ್ನು ಬಿಟ್ಟು ಹೊಸದು ಮಾಡಿಕೊಳ್ಳಿ. ಅಕ್ಕತಂಗಿಯರಾದರೂ ಸರಿ, ಒಬ್ಬರದ್ದನ್ನು ಇನ್ನೊಬ್ಬರು ಬಳಸಬಾರದು.

ಬಟ್ಟೆಗೂ ಗತಿಯಿಲ್ಲದವರು ನಮ್ಮ ದೇಶದಲ್ಲಿ ಬೂದಿ, ಹೊಟ್ಟು, ಮರಳನ್ನು ಚಿಂದಿಯಲ್ಲಿ ಸುತ್ತಿ ಬಳಸಿದ್ದಾರೆ. ಓದುವಾಗಲೇ ಮೈ ಜುಮ್ಮೆನ್ನುತ್ತದೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಒಂದು ದಿನ ಕುಕ್ಕರುಗಾಲಲ್ಲಿ ಕೂರಲಾರದೆ ಒದ್ದಾಡುತ್ತಿದ್ದಳು. ವಿಚಾರಿಸಿದರೆ, ಇದ್ದ ಎರಡೇ ತುಂಡಿನಲ್ಲಿ ಒಂದನ್ನು ಮಗಳಿಗೆ ಸ್ಕೂಲಿಗೆ ಕೊಟ್ಟು, ಒಂದನ್ನೇ ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದಳು. ನನ್ನ ಬೀರುವಿನಲ್ಲಿ ಸಾಲು ಸಾಲು ಹತ್ತಿ ಸೀರೆ, ಅದರಲ್ಲಿ ಆರು ಹರಿದಿದ್ದವು. ಸ್ಟೀಲ್ ಪಾತ್ರೆಯವನಿಗೆ ಅಂತ ಎತ್ತಿಟ್ಟಿದ್ದೆ! ಆ ದಿನ ನನಗೆ ನನ್ನ ಮೇಲೇ ಬೇಸರ ಬಂತು.

ಪ್ಯಾಡು ಕೊಳ್ಳಲು ಅನುಕೂಲವಿರುವವರು ಕೊಳ್ಳಲಿ. 2018ರ ಜುಲೈನಲ್ಲಿ ಅದರ ಮೇಲಿದ್ದ ಶೇಕಡ 12ರ ಜಿಎಸ್‌ಟಿಯನ್ನು ತೆಗೆದುಹಾಕಿದರು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರು ಹೆಂಡತಿ ಬಟ್ಟೆ ಬಚ್ಚಿಡುವುದನ್ನು ಕಂಡು, ಕಡಿಮೆ ಖರ್ಚಿನ ಪ್ಯಾಡು ಮಾಡುವ ಯಂತ್ರವನ್ನೇ ಕಂಡುಹಿಡಿದದ್ದು, 2016ರಲ್ಲಿ ಪದ್ಮಶ್ರೀ ಪಡೆದದ್ದು ನಿಮಗೆ ಗೊತ್ತಿರಬಹುದು. ಒಬ್ಬ ಗಂಡಸು ಅದನ್ನು ಪ್ರಯೋಗ ಮಾಡಲು ಹೋಗಿ ಊರವರಿಂದ ಹುಚ್ಚ ಅನ್ನಿಸಿಕೊಂಡ. ನಮ್ಮ ಮನೆಯ ಗಂಡಸರು ಅಂಗಡಿಯಿಂದ ಒಂದು ಪೊಟ್ಟಣ ತರಲು ಕಪ್ಪು ಕವರು ಕೇಳುತ್ತಾರೆ. ಏನು ಹೇಳೋಣ! ಕರ್ನಾಟಕ ಸರ್ಕಾರದ 'ಶುಚಿ' ಯೋಜನೆ 2013-14ರಲ್ಲಿ ಶುರುವಾದದ್ದು, 10ರಿಂದ 18 ವರ್ಷದ ಹೆಣ್ಣುಮಕ್ಕಳಿಗೆ ಪ್ಯಾಡು ಕೊಡುವುದಕ್ಕೆ. ನಡುವೆ ಕೆಲವು ವರ್ಷ ನಿಂತುಹೋಗಿ 2024ರಲ್ಲಿ ಮತ್ತೆ ಹಂಚಿದರು. ನಿಮ್ಮ ಕೇರಿಯ ಮಕ್ಕಳಿಗೆ ಬರುತ್ತಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಳಲು ಸಂಕೋಚ ಪಡಬೇಡಿ.

ಪ್ಯಾಡು ಕಟ್ಟಿಕೊಂಡ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದೂ ಅಲ್ಲ. ನನ್ನ ಮಗಳಿಗೆ ಹನ್ನೆರಡಕ್ಕೇ ಆಯಿತು. ಅವಳಿಗೆ ಮೊದಲೇ ಎಲ್ಲ ಹೇಳಿದ್ದೆ, ಪ್ಯಾಡೂ ಕೊಟ್ಟಿದ್ದೆ, ನಾನು ಬಲು ಬುದ್ಧಿವಂತೆ ಎಂದು ಬೀಗುತ್ತಿದ್ದೆ. ಒಂದು ದಿನ ನೋಡುತ್ತೇನೆ, ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ಸು ಬಂದಿದೆ. "ನೀರು ಕುಡಿದ್ರೆ ಟಾಯ್ಲೆಟ್ಟಿಗೆ ಹೋಗ್ಬೇಕಾಗುತ್ತಮ್ಮ, ಅಲ್ಲಿ ನಲ್ಲೀಲಿ ನೀರು ಬರಲ್ಲ, ಬಾಗಿಲಿಗೆ ಚಿಲಕ ಇಲ್ಲ, ಪ್ಯಾಡು ಎಸೆಯೋಕೆ ಡಬ್ಬಾನೂ ಇಲ್ಲ." ಬೆಳಿಗ್ಗೆ ಎಂಟಕ್ಕೆ ಇಟ್ಟುಕೊಂಡ ಪ್ಯಾಡನ್ನು ಸಂಜೆ ಐದರವರೆಗೂ ಬದಲಾಯಿಸದೆ, ಮೂತ್ರ ತಡೆದುಕೊಂಡು ಕೂತಿರುತ್ತಿತ್ತು ಮಗು! ಅದೇ ಉರಿ, ಅದೇ ತುರಿಕೆ, ಇಪ್ಪತ್ತೈದು ವರ್ಷದ ನಂತರ ನನ್ನ ಮನೆಯಲ್ಲೇ. ನಾವು ನಾಲ್ಕು ಜನ ತಾಯಂದಿರು ಸೇರಿ ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆವು. ಜಗಳವೇನೂ ಆಡಲಿಲ್ಲ. ಅವರೂ ಹೆಂಗಸೇ ತಾನೇ? ಒಂದು ಡ್ರಮ್ಮು ನೀರು, ಮುಚ್ಚಳವಿರುವ ಡಬ್ಬಿ, ಒಂದು ಚಿಲಕ. ಇಷ್ಟಕ್ಕೆ ಎರಡು ತಿಂಗಳು ಹಿಡಿಯಿತು. ಚಿಲಕವನ್ನು ಕೊನೆಗೆ ನಾವೇ ತಂದು ಹಾಕಿಸಿದೆವು. ನಿಮ್ಮ ಮಗಳ ನೀರಿನ ಬಾಟಲಿಯನ್ನು ಇವತ್ತು ಸಂಜೆ ಒಮ್ಮೆ ನೋಡಿ.

ಇನ್ನು ಬಳಸಿದ ಪ್ಯಾಡನ್ನು ಕಕ್ಕಸಿಗೆ ಹಾಕಿ ನೀರು ಬಿಡಬೇಡಿ. ಅದರಲ್ಲಿ ಪ್ಲಾಸ್ಟಿಕ್ ಇರುವುದರಿಂದ ಕರಗದೆ ಪೈಪು ಕಟ್ಟುತ್ತದೆ. ಕಾಗದದಲ್ಲಿ ಸುತ್ತಿ, ಬೇರೆಯಾಗಿ ಕಸದವರಿಗೆ ಕೊಡಿ. ಈ ಕಸದ ತಾಪತ್ರಯವೇ ಬೇಡವೆಂದು ಈಗಿನ ಹುಡುಗಿಯರು ಸಿಲಿಕೋನಿನ ಬಟ್ಟಲು, ಅಂದರೆ ಮುಟ್ಟಿನ ಕಪ್ಪು ಬಳಸುತ್ತಾರೆ. ಕುದಿಯುವ ನೀರಿನಲ್ಲಿ ಶುದ್ಧಮಾಡಿಕೊಂಡರೆ ಒಂದೇ ಕಪ್ಪು ವರ್ಷಗಟ್ಟಲೆ ಬಾಳುತ್ತದೆ. ನಾನು ಬಳಸಿಲ್ಲ, ಆದ್ದರಿಂದ ಹೆಚ್ಚು ಹೇಳಲಾರೆ.

ಮೈಲಿಗೆ ಯಾರಿಗೆ?

ಮಡಿ ಮೈಲಿಗೆಯ ಮಾತಿಗೆ ಬರೋಣ. ನನ್ನ ಅತ್ತೆಯವರಿಗೆ ಈಗ ಎಪ್ಪತ್ತಾರು. ಅವರ ಕಾಲದಲ್ಲಿ ಮೂರು ದಿನ ಕೊಟ್ಟಿಗೆಯ ಪಕ್ಕದ ಜಗುಲಿ, ಒಂದು ಚಾಪೆ, ಒಂದು ಕಂಬಳಿ, ಬೇರೆ ತಟ್ಟೆ ಲೋಟ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುವುದು. "ಎಷ್ಟು ಕಷ್ಟ ಅಲ್ವಾ ಅತ್ತೆ" ಎಂದರೆ ಅವರು ನಕ್ಕುಬಿಟ್ಟರು. "ಕಷ್ಟ ಯಾವುದೇ? ಹದಿನಾಲ್ಕು ಜನರ ಸಂಸಾರ. ನಾಲ್ಕು ಗಂಟೆಗೆ ಎದ್ದು ಒದ್ದೆ ಸೀರೆ ಉಟ್ಟು ರುಬ್ಬೋ ಕಲ್ಲಿನ ಮುಂದೆ ಕೂತ್ರೆ ರಾತ್ರಿ ಹತ್ತು. ಆ ಮೂರು ದಿನ ಒಂದು ಇರದೇ ಹೋಗಿದ್ರೆ ನಾವು ಸತ್ತೇ ಹೋಗ್ತಿದ್ವಿ." ಇದನ್ನು ಕೇಳಿ ನನಗೆ ಉತ್ತರವೇ ತೋಚಲಿಲ್ಲ. ವಿಶ್ರಾಂತಿ ಬೇಕಿದ್ದ ಹೆಂಗಸಿಗೆ ಅದು ಸಿಗಬೇಕಾದರೆ ಅಸ್ಪೃಶ್ಯಳಾಗಬೇಕಿತ್ತು! 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲ ಕೆಲಸಕ್ಕೆ ಹೋಗುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಎಂದು ಒಪ್ಪಿದಾಗ ಅತ್ತೆ ಪೇಪರು ಓದಿ, "ನಿನಗೆ ಯಾರೇ ಕೊಡ್ತಾರೆ ರಜ?" ಎಂದರು. ಅದೂ ನ್ಯಾಯವೇ.

ಆದರೆ ಹೊರಗೆ ಕೂರಿಸುವ ಪದ್ಧತಿ ಎಲ್ಲ ಕಡೆಯೂ ಹೀಗೆ ನಗುವಂಥದ್ದಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಸೂತಕವೆಂದು ಬಾಣಂತಿಯನ್ನು ಹಟ್ಟಿಯ ಹೊರಗೆ ಇರಿಸಿ, ಮಳೆ ಚಳಿಗೆ ಹಸುಗೂಸು ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಮುಟ್ಟಾದವರಿಗೂ ಅಲ್ಲಿ ಅದೇ ಹೊರಗಿನ ಗುಡಿಸಲು.

ದೇವರಿಗೆ ಆಗದು ಅನ್ನುತ್ತೀರಾ? ನಮ್ಮ ನಾಡಿನಲ್ಲೇ ಹನ್ನೆರಡನೇ ಶತಮಾನದ ಶರಣರು ಐದು ಸೂತಕಗಳನ್ನೂ ಬಿಟ್ಟರು. ಅದರಲ್ಲಿ ರಜಸ್ಸೂತಕವೂ ಒಂದು. ಲಿಂಗ ಕಟ್ಟಿಕೊಂಡ ಹೆಣ್ಣಿಗೆ ಮೈಲಿಗೆಯಿಲ್ಲ ಎಂದರು. ಅಸ್ಸಾಮಿನ ಕಾಮಾಖ್ಯೆಯಲ್ಲಿ ದೇವಿಗೇ ಮುಟ್ಟು ಎಂದು ಜೂನ್ ತಿಂಗಳಲ್ಲಿ ಮೂರು ದಿನ ಗುಡಿ ಮುಚ್ಚುತ್ತಾರೆ, ತೆರೆದಾಗ ಜಾತ್ರೆಯೋ ಜಾತ್ರೆ. ಅಷ್ಟು ದೂರ ಯಾಕೆ? ನನ್ನ ಓರಗಿತ್ತಿ ಬೆಳ್ತಂಗಡಿಯ ಕಡೆಯವಳು. ಅವರಲ್ಲಿ ಫೆಬ್ರವರಿಯಲ್ಲಿ ಕೆಡ್ಡಸ ಅಂತ ಮೂರು ದಿನದ ಆಚರಣೆ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ನಂಬಿಕೆ. ಆ ದಿನಗಳಲ್ಲಿ ನೇಗಿಲು ಹೂಡುವ ಹಾಗಿಲ್ಲ, ನೆಲ ಅಗೆಯುವ ಹಾಗಿಲ್ಲ, ಆಕೆಗೆ ನೋವಾಗಬಾರದು. ಅಕ್ಕಿ ಹುರಿದು ಪುಡಿಮಾಡಿ ಬೆಲ್ಲ, ಕಾಯಿತುರಿ ಬೆರೆಸಿದ ನನ್ನೆರಿಯನ್ನು ಎಡೆ ಇಡುತ್ತಾರೆ. ಕೊನೆಗೆ ಮನೆಯ ಹೆಂಗಸು ಅಂಗಳದಲ್ಲಿ ಎಣ್ಣೆ, ಸೀಗೆ, ಅರಿಶಿನ ಕುಂಕುಮ ಇಟ್ಟು ಭೂಮಿಗೆ ಎಣ್ಣೆ ಬಿಡುತ್ತಾಳೆ, ಸ್ನಾನ ಮಾಡಿಕೋ ತಾಯಿ ಎಂದು. ನೆಲಕ್ಕೆ ತೋರಿಸುವ ಈ ಮರ್ಯಾದೆಯನ್ನು ಅದೇ ಮನೆಯ ಸೊಸೆಗೂ ತೋರಿಸುತ್ತಾರೆಯೇ ಎಂದು ಓರಗಿತ್ತಿಯನ್ನು ಕೇಳಿದೆ. ಅವಳು ಮಾತು ಬದಲಾಯಿಸಿದಳು.

ಮೈಲಿಗೆಯ ಭಯದಿಂದ ನಾವೇ ತಂದುಕೊಳ್ಳುವ ಇನ್ನೊಂದು ಅಪಾಯವಿದೆ, ಇದನ್ನು ದಯವಿಟ್ಟು ಗಮನಿಸಿ. ವರಮಹಾಲಕ್ಷ್ಮಿ ವ್ರತ, ಗೌರಿ ಹಬ್ಬ, ಮನೆಯ ಮದುವೆ ಹತ್ತಿರ ಬಂತೆಂದರೆ ಮೆಡಿಕಲ್ ಶಾಪಿನಲ್ಲಿ 'ಮುಂದೆ ಹಾಕೋ ಮಾತ್ರೆ' ಕೇಳಿ ತೆಗೆದುಕೊಂಡು ನುಂಗುತ್ತೇವೆ. ನಾನೂ ನುಂಗಿದ್ದೇನೆ, ಒಂದೇ ವರ್ಷ ಮೂರು ಸಲ. ಅದು ಹಾರ್ಮೋನಿನ ಮಾತ್ರೆ, ಪೆಪ್ಪರಮಿಂಟಲ್ಲ. ರಕ್ತ ಹೆಪ್ಪುಗಟ್ಟುವ ತೊಂದರೆ ತಮಗೆ ಅಥವಾ ಮನೆತನದಲ್ಲಿ ಇದ್ದವರು, ಲಿವರಿನ ಕಾಯಿಲೆಯವರು, ಕೆಲವು ಬಗೆಯ ಅರೆತಲೆನೋವಿನವರು ಅದನ್ನು ಮುಟ್ಟಲೇಬಾರದು. ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ಮಾತ್ರೆ ನುಂಗುತ್ತಿರುವಾಗ ಒಂದು ಕಾಲು ಊದಿ ನೋವಾದರೆ, ಉಸಿರು ಕಟ್ಟಿದರೆ, ಹಬ್ಬದ ಅಡಿಗೆ ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿ. ಕಳೆದ ಸಲ ಗೌರಿ ಹಬ್ಬಕ್ಕೆ ನನ್ನ ದಿನ ಬಂತು. ನಾನು ಮಾತ್ರೆ ತೆಗೆದುಕೊಳ್ಳಲಿಲ್ಲ. ಬಾಗಿನವನ್ನು ಅತ್ತೆಯೇ ಕಟ್ಟಿ ಕೊಟ್ಟರು, ಅಡಿಗೆ ನಾನು ಮಾಡಿದೆ. ಎಂದೂ ಆಗದ ಅತ್ತೆ ಅಂದು ಏನೂ ಅನ್ನದೆ ಊಟ ಮಾಡಿದರು.

ಇನ್ನೊಂದು ಮಾತು, ನಮ್ಮ ವಯಸ್ಸಿನವರಿಗೆ. ಒಂದು ಸಲದ ಮುಟ್ಟಿನಲ್ಲಿ ಸಾಧಾರಣವಾಗಿ 30-40 ಮಿಲಿಲೀಟರ್ ರಕ್ತ ಹೋಗುತ್ತದೆ, ಎಂಟು ಚಮಚವೂ ಇಲ್ಲ. ಗಂಟೆಗೊಂದು ಪ್ಯಾಡು ತೊಯ್ದರೆ, ಏಳು ದಿನ ದಾಟಿದರೆ, 'ನಿಲ್ಲುವ ಕಾಲ, ಹೀಗೇ' ಎಂದು ಸುಮ್ಮನಿರಬೇಡಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ತೋರಿಸಿಕೊಳ್ಳಿ. ಮುಖ ಬಿಳಿಚಿಕೊಂಡು ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ವಯಸ್ಸಿನಿಂದ ಎಂದೇ ನಾವು ತಿಳಿಯುತ್ತೇವೆ, ಅದು ಎಷ್ಟೋ ಸಲ ರಕ್ತಹೀನತೆ. ನುಗ್ಗೆಸೊಪ್ಪು, ರಾಗಿ, ಹುರುಳಿ ತಿನ್ನಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ. ಊಟವಾದ ತಕ್ಷಣ ಕಾಫಿ ಟೀ ಕುಡಿದರೆ ಹತ್ತದು.

ಹೆಣ್ಣುಮಕ್ಕಳಿಗೆ ಚಿಗಳಿ ಮಾಡಿಕೊಡಿ. ಆರತಿಯ ದಿನ ಮಾತ್ರ ಯಾಕೆ? ಒಂದು ಲೋಟ ಕರಿಎಳ್ಳನ್ನು ಕಲ್ಲು ಆರಿಸಿ, ಚಟಪಟ ಸಿಡಿಯುವ ತನಕ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಮುಕ್ಕಾಲು ಲೋಟ ಪುಡಿಬೆಲ್ಲ, ನಾಲ್ಕು ಏಲಕ್ಕಿ ಹಾಕಿ ಒರಳಲ್ಲಿ ಕುಟ್ಟಿ. ಎಣ್ಣೆ ಬಿಟ್ಟುಕೊಂಡು ತಾನೇ ಉಂಡೆಗೆ ಬರುತ್ತದೆ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಇಲ್ಲದಿದ್ದರೆ ಮುದ್ದೆಯಾಗಿಬಿಡುತ್ತದೆ. ನಮ್ಮ ಮನೆಯಲ್ಲಿ ಈ ಡಬ್ಬಿ ತಿಂಗಳಿಗೊಮ್ಮೆ ತುಂಬುತ್ತದೆ, ಮಗನೂ ಕದ್ದು ತಿನ್ನುತ್ತಾನೆ. "ಇದು ಅಕ್ಕನ ಮುಟ್ಟಿನ ಉಂಡೆ" ಎಂದು ಅವನು ಮೊನ್ನೆ ಬಂದ ನೆಂಟರ ಮುಂದೆ ಜೋರಾಗಿ ಹೇಳಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನೆಂಟರು ಇನ್ನೊಂದು ಉಂಡೆ ಕೇಳಿ ತೆಗೆದುಕೊಂಡರು.