ಕಸಿ ಲಿವರ್‌ನ ನಾಡಿ ಹಿಡಿಯುವ ಡಾಪ್ಲರ್

ಬಳ್ಳಾರಿ ಕಡೆಯ ಹಲಕುಂದಿಯಲ್ಲೋ ಸಿರುಗುಪ್ಪದಲ್ಲೋ ಯಾರಿಗಾದರೂ ಲಿವರ್ ಕಸಿ ಆಗಬೇಕೆಂದರೆ ಸಾಮಾನ್ಯವಾಗಿ ಬೆಂಗಳೂರಿನ ದಾರಿಯನ್ನೇ ಹಿಡಿಯಬೇಕು, 300 ಕಿ.ಮೀ. ಇಲ್ಲವೇ ಅದಕ್ಕೂ ಹೆಚ್ಚು. ಮೆದುಳು ನಿಷ್ಕ್ರಿಯಗೊಂಡ ದಾನಿಯ ಅಂಗ ಯಾರಿಗೆ ಸಿಗಬೇಕೆಂಬುದು ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಂತೆ ತೀರ್ಮಾನವಾಗುತ್ತದೆ. ಇಷ್ಟೆಲ್ಲ ದಾಟಿ, ಕಸಿಯೂ ಮುಗಿದು ಐಸಿಯು ಸೇರಿದ ರೋಗಿಯ ಮಂಚದ ಬಳಿಗೆ ಉರುಳಿಕೊಂಡು ಬರುವ ಯಂತ್ರ ಮಾತ್ರ ನಮಗೆಲ್ಲ ಪರಿಚಿತ. ಬಸುರಿಯರ ಹೊಟ್ಟೆಗೆ ಜೆಲ್ ಹಚ್ಚಿ ನೋಡುವ ಸ್ಕ್ಯಾನಿಂಗ್ ಮಷೀನೇ ಅದು. ಈಗ ಅದು ಹುಡುಕುವುದು ಕೆಲವೇ ಮಿಲಿಮೀಟರ್ ಅಗಲದ ಒಂದು ರಕ್ತನಾಳವನ್ನು.

ಲಿವರ್‌ಗೆ ಬರುವ ರಕ್ತದಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯಲ್ಲಿ ಬರುತ್ತದೆ. ಉಳಿದ ಕಾಲು ಪಾಲು ಹೆಪಾಟಿಕ್ ಅಪಧಮನಿಯದು. ಯಂತ್ರ ಹುಡುಕುವುದು ಇದನ್ನೇ. ಕಾಲು ಪಾಲು ನಿಂತರೇನು ಮಹಾ ಅನ್ನಿಸಬಹುದು. ಆದರೆ ಪಿತ್ತನಾಳಗಳು ಬದುಕುವುದೇ ಆ ಕಾಲು ಪಾಲಿನ ಮೇಲೆ. ಹುಟ್ಟಿನಿಂದ ಬಂದ ಲಿವರ್‌ಗೆ ಅಕ್ಕಪಕ್ಕದ ಸಣ್ಣ ನಾಳಗಳ ನೆರವುಂಟು. ಕಸಿಯ ವೇಳೆ ಅವೆಲ್ಲ ಕತ್ತರಿಸಿಹೋಗಿರುತ್ತವೆ. ಅಪಧಮನಿಯನ್ನು ಹೊಲಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ಪಿತ್ತನಾಳಗಳು ಸಾಯುತ್ತವೆ, ಕೀವು ತುಂಬುತ್ತದೆ. ಶುರುವಿನಲ್ಲಿ ರೋಗಿಗೆ ಏನೂ ಗೊತ್ತಾಗದಿರಬಹುದು. ಆದ್ದರಿಂದಲೇ ಲಕ್ಷಣಕ್ಕೆ ಕಾಯದೆ ಮೊದಲ ದಿನಗಳಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ.

ಹೊಟ್ಟೆಯ ಮೇಲೆ ಆಡಿಸುವ ಹಿಡಿ, ಅಂದರೆ ಪ್ರೋಬ್, ಕಳಿಸುವ ಶಬ್ದ ಕಿವಿಗೆ ಕೇಳುವಂಥದ್ದಲ್ಲ, ಸೆಕೆಂಡಿಗೆ ಹಲವು ದಶಲಕ್ಷ ಸಲ ಕಂಪಿಸುತ್ತದೆ. ಎದುರು ಬರುವ ರಕ್ತಕಣಕ್ಕೆ ಬಡಿದು ಮರಳಿದರೆ ಕಂಪನ ಹೆಚ್ಚುತ್ತದೆ, ದೂರ ಸರಿಯುವ ಕಣಕ್ಕೆ ಬಡಿದರೆ ಕುಗ್ಗುತ್ತದೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಈ ತತ್ವ ಮಂಡಿಸಿದ್ದು ಜೋಡಿ ನಕ್ಷತ್ರಗಳ ಬಣ್ಣವನ್ನು ವಿವರಿಸಲು. ಬಣ್ಣದ ವಿವರಣೆ ತಪ್ಪಿತು, ತತ್ವ ಉಳಿಯಿತು. ಅಂದಹಾಗೆ ಪರದೆಯ ಕೆಂಪು-ನೀಲಿಗಳಿಗೂ ಶುದ್ಧ-ಅಶುದ್ಧ ರಕ್ತಕ್ಕೂ ನಂಟಿಲ್ಲ. ಸಾಮಾನ್ಯವಾಗಿ ಪ್ರೋಬ್‌ನತ್ತ ಬರುವುದು ಕೆಂಪು, ದೂರ ಹೋಗುವುದು ನೀಲಿ.

ಬಣ್ಣಕ್ಕಿಂತ ಹೆಚ್ಚು ಹೇಳುವುದು ಪರದೆಯ ಮೇಲೆ ರಕ್ತದ ವೇಗ ಮೂಡಿಸುವ ಅಲೆಯ ಆಕಾರ. ಹೃದಯ ಬಡಿದಾಗ ರಕ್ತದ ವೇಗ ಸೆಕೆಂಡಿಗೆ 60 ಸೆಂ.ಮೀ.ಗೆ ಏರಿ, ಮುಂದಿನ ಬಡಿತದ ಹೊತ್ತಿಗೆ 20ಕ್ಕೆ ಇಳಿಯಿತೆನ್ನಿ. ವ್ಯತ್ಯಾಸ 40. ಅದನ್ನು 60ರಿಂದ ಭಾಗಿಸಿದರೆ 0.67. ಈ ಅಂಕಿ 0.5ರಿಂದ 0.8ರೊಳಗಿದ್ದರೆ ವೈದ್ಯರಿಗೆ ನೆಮ್ಮದಿ. ಮೊದಲ ಎರಡು ಮೂರು ದಿನ 0.8 ದಾಟಿದರೂ ಹಲವರಲ್ಲಿ ತಾನಾಗಿ ಇಳಿಯುತ್ತದೆ. 0.5ಕ್ಕಿಂತ ಕೆಳಗಿಳಿದು, ಅಲೆ ತುದಿ ಮುಟ್ಟಲು 0.08 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ ನಾಳ ಹಿಂದೆಲ್ಲೋ ಕಿರಿದಾಗಿದೆ ಎಂಬ ಅನುಮಾನ. ತುಂಗಭದ್ರಾ ಕೆಳಮಟ್ಟದ ಕಾಲುವೆಯ (ಎಲ್‌ಎಲ್‌ಸಿ) ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ತಡವಾಗಿ, ಸೊರಗಿ ಬಂತೆಂದರೆ ಮೇಲೆಲ್ಲೋ ಅಡ್ಡಿಯಿದೆ.

ಇಲ್ಲಿ ಯಂತ್ರದ ಬೆಲೆಗಿಂತ ಹಿಡಿದವರ ಕೈಗೆ ಬೆಲೆ ಹೆಚ್ಚು. ಶಬ್ದದ ಕಿರಣ ನಾಳಕ್ಕೆ 90 ಡಿಗ್ರಿಯಲ್ಲಿ ಅಡ್ಡಬಿದ್ದರೆ ರಕ್ತ ಹರಿಯುತ್ತಿದ್ದರೂ ವೇಗ ಸೊನ್ನೆ. ಕೋನ 60 ಡಿಗ್ರಿ ಮೀರದಂತೆ ನೋಡಿಕೊಳ್ಳಬೇಕು. ಅದೂ ಹೊಟ್ಟೆ ತುಂಬ ಬ್ಯಾಂಡೇಜು, ಕರುಳಿನಲ್ಲಿ ಗಾಳಿ, ಉಸಿರು ಬಿಗಿಹಿಡಿಯಲಾರದ ರೋಗಿಯಿರುವಾಗ! ಹಾಗಾಗಿ ಅಪಧಮನಿ ಕಾಣಲಿಲ್ಲವೆಂದ ಮಾತ್ರಕ್ಕೆ ಮುಚ್ಚಿಹೋಗಿದೆ ಎಂದು ತೀರ್ಮಾನಿಸುವುದಿಲ್ಲ, ಸಿ.ಟಿ. ಆಂಜಿಯೋಗ್ರಾಂ ಮಾಡಿಸುತ್ತಾರೆ. ಅಲ್ಲಿ ಹೆಪ್ಪು ಖಚಿತವಾದರೆ, ಅದೂ ಬೇಗನೆ ಸಿಕ್ಕಿದ್ದರೆ, ಹೊಟ್ಟೆಯನ್ನು ಮತ್ತೆ ತೆರೆದು ಹೆಪ್ಪು ತೆಗೆದು ನಾಳವನ್ನು ಹೊಸದಾಗಿ ಹೊಲಿಯುವ ಅವಕಾಶ ಸರ್ಜನ್‌ಗೆ ಇನ್ನೂ ಇರುತ್ತದೆ.