ಹಳೆಯ ಲ್ಯಾಪ್‌ಟಾಪಿನಿಂದ ಹೊಸದಕ್ಕೆ ಮನೆ ಬದಲಾವಣೆ

ಹರಿಹರದ ಕುಟುಂಬವೊಂದು ದಾವಣಗೆರೆಗೆ ಮನೆ ಬದಲಾಯಿಸುತ್ತಿದೆ ಎಂದುಕೊಳ್ಳಿ. ಮಂಚ, ಬೀರು, ಪಾತ್ರೆ, ಪುಸ್ತಕಗಳನ್ನು ಲಾರಿಗೆ ಹೇರಿದರಾಯಿತು. ಆದರೆ ಹಳೆಯ ಮನೆಯ ಕರೆಂಟ್ ಮೀಟರನ್ನೂ ನಲ್ಲಿಯನ್ನೂ ಕಿತ್ತು ಲಾರಿಗೆ ಹಾಕಿಕೊಂಡರೆ ಹೊಸ ಮನೆಯಲ್ಲಿ ದೀಪ ಉರಿಯುವುದಿಲ್ಲ, ನೀರು ಬರುವುದಿಲ್ಲ. ಆ ಸಂಪರ್ಕಗಳನ್ನು ಅಲ್ಲಿಯೇ ಹೊಸದಾಗಿ ಪಡೆಯಬೇಕು. ಲ್ಯಾಪ್‌ಟಾಪ್ ಬದಲಾಯಿಸುವಾಗಲೂ ಹೀಗೆಯೇ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ನಿಮ್ಮಲ್ಲಿ ಅನೇಕರಿಗೆ ಈ ಕೆಲಸ ಎದುರಾಗಿರಬಹುದು.

ನೀವು ಬರೆದ ಪ್ರಬಂಧ, ತೆಗೆದ ಚಿತ್ರ, ಇವೆಲ್ಲ ಸಾಮಾನು. ನಕಲು ಮಾಡಿ ಒಯ್ಯಬಹುದು. ಪ್ರೋಗ್ರಾಂ ಹಾಗಲ್ಲ. ಅದನ್ನು ಸ್ಥಾಪಿಸುವಾಗ ಅದರ ಭಾಗಗಳು ಬೇರೆ ಬೇರೆ ಕಡೆ ಹೋಗಿ ಕೂರುತ್ತವೆ. ರಿಜಿಸ್ಟ್ರಿ ಎಂಬ ವಿಂಡೋಸ್‌ನ ದಾಖಲೆ ಪುಸ್ತಕದಲ್ಲೂ ನಮೂದಾಗುತ್ತದೆ. ಬರೀ ಫೋಲ್ಡರನ್ನು ಹೊತ್ತೊಯ್ದರೆ ಈ ನಮೂದು ಬರುವುದಿಲ್ಲ, ಹೆಚ್ಚಿನ ಪ್ರೋಗ್ರಾಂಗಳು ನಡೆಯುವುದೂ ಇಲ್ಲ. ಆದ್ದರಿಂದ ಪ್ರೋಗ್ರಾಂಗಳ ಪಟ್ಟಿ ಮಾಡಿ, ಹಣ ಕೊಟ್ಟು ಕೊಂಡವುಗಳ ಕೀಲಿಸಂಖ್ಯೆ ಬರೆದಿಟ್ಟುಕೊಂಡು, ಹೊಸ ಯಂತ್ರದಲ್ಲಿ ಮತ್ತೆ ಸ್ಥಾಪಿಸಿ. ವಿಂಡೋಸ್ 7ರಲ್ಲಿ ಈಸಿ ಟ್ರಾನ್ಸ್‌ಫರ್ ಎಂಬ ಸೌಲಭ್ಯವಿತ್ತು. ಅದು ಕೂಡ ಫೈಲುಗಳನ್ನೂ ಸೆಟ್ಟಿಂಗುಗಳನ್ನೂ ಸಾಗಿಸುತ್ತಿತ್ತೇ ಹೊರತು ಪ್ರೋಗ್ರಾಂಗಳನ್ನಲ್ಲ.

ಸಾಗಿಸಲು ಪೆನ್‌ಡ್ರೈವ್ ಸಾಕು. ಆದರೆ ಅದು ಫ್ಯಾಟ್32 ಮಾದರಿಯದಾಗಿದ್ದರೆ 4 ಗಿಗಾಬೈಟಿಗಿಂತ ದೊಡ್ಡ ಫೈಲನ್ನು ಒಪ್ಪುವುದಿಲ್ಲ. ಉದ್ದದ ವಿಡಿಯೋಗಳು ಸಿಕ್ಕಿಬೀಳುವುದು ಇಲ್ಲೇ.

ಇನ್ನು ಕನ್ನಡದ ವಿಷಯ. ನಿಮ್ಮ ಮನೆಯಲ್ಲಿ ಯಾರೋ ಹರಿಹರೇಶ್ವರ ದೇವಾಲಯದ ಬಗ್ಗೆ ವರ್ಷಗಟ್ಟಲೆ ಟಿಪ್ಪಣಿ ಮಾಡಿ, ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿಟ್ಟಿದ್ದಾರೆ ಎನ್ನಿ. ಹೊಯ್ಸಳ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಆ ಗುಡಿಯ ಶಾಸನಗಳನ್ನು ಲಿಪಿ ಬಲ್ಲವರು ಇಂದೂ ಓದುತ್ತಾರೆ. ಟಿಪ್ಪಣಿಯ ಫೈಲನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಮಾತ್ರ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು! ಹಾಳಾಯಿತೆಂದು ಅಳಿಸಿಬಿಟ್ಟವರೂ ಇರಬಹುದು.

ಫೈಲು ಹಾಳಾಗಿರುವುದಿಲ್ಲ. ಗಣಕಯಂತ್ರಕ್ಕೆ ಅಕ್ಷರವೆಂದರೆ ಒಂದು ಸಂಖ್ಯೆ. ಹಳೆಯ ಪದ್ಧತಿಯಲ್ಲಿ ಒಂದು ಫಾಂಟಿಗೆ 256 ಸ್ಥಾನಗಳಿಗಿಂತ ಹೆಚ್ಚು ದೊರೆಯುತ್ತಿರಲಿಲ್ಲ. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಆ ಸ್ಥಾನಗಳಲ್ಲೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದರು. ಫಾಂಟು ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ವೇಷ ಕಳಚಿ ಒಳಗಿನ ಇಂಗ್ಲಿಷ್ ಸಂಕೇತಗಳು ಹೊರಬೀಳುತ್ತವೆ. ಯೂನಿಕೋಡ್‌ನಲ್ಲಿ ಹೀಗಾಗದು. 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳಿವೆ: ‘ಅ’ 3205, ‘ಕ’ 3221. ಅವು ಬೇರೆ ಯಾವ ಲಿಪಿಯ ಅಕ್ಷರಕ್ಕೂ ಸಲ್ಲುವುದಿಲ್ಲ.

ಹಾಗಾಗಿ ಹಳೆಯ ಯಂತ್ರ ನಡೆಯುತ್ತಿರುವಾಗಲೇ ಎರಡು ಕೆಲಸ ಮಾಡಿ. ಅದರಲ್ಲಿರುವ ಕನ್ನಡ ಫಾಂಟುಗಳನ್ನೂ ಪ್ರತಿ ಮಾಡಿಕೊಳ್ಳಿ. ಬಳಿಕ ನುಡಿ ಅಥವಾ ಬರಹದ ಪರಿವರ್ತಕದಿಂದ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಿ, ಮೂಲವನ್ನೂ ಉಳಿಸಿಕೊಳ್ಳಿ. ಪರಿವರ್ತಕವನ್ನು ಪೂರ್ತಿ ನಂಬುವವನು ನಾನಲ್ಲ. ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪಬಹುದು. ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿಬಿಡಬಹುದು. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಒಮ್ಮೆ ಓದಿ.

ಎರಡೂ ಯಂತ್ರಗಳಲ್ಲಿ ಫೋಲ್ಡರಿನ ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಹೊಂದುತ್ತವೆಯೇ ನೋಡಿ. ಕೆಲವನ್ನು ತೆರೆದೂ ನೋಡಿ. ಹಳೆಯ ಲ್ಯಾಪ್‌ಟಾಪನ್ನು ತಮ್ಮನೋ ತಂಗಿಯೋ ಎಷ್ಟೇ ಕಾಡಿದರೂ ಒಂದು ತಿಂಗಳು ಹಾಗೆಯೇ ಇಟ್ಟುಕೊಳ್ಳಿ. ಮರೆತ ಫೈಲು ನೆನಪಾಗುವುದು ಸಾಮಾನ್ಯವಾಗಿ ಪರೀಕ್ಷೆಯ ಹಿಂದಿನ ದಿನ.