ಮಣೆಯ ಮೇಲೆ ಕೆಂಪು ರಬ್ಬರು

ಭಾನುವಾರ ಮಧ್ಯಾಹ್ನ. ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಮನೆಯ ಕಿಟಕಿಯಾಚೆ ಜುಲೈ ಮಳೆ ಒಂದೇ ಸಮನೆ ಹೊಯ್ಯುತ್ತಿದೆ. ಊಟ ಮುಗಿದ ಮೇಜಿನ ಮೇಲೆ ಹಳೆಯ ಪೇಪರು ಹಾಸಿದ್ದೇನೆ. ಅದರ ಮೇಲೆ ತರಕಾರಿ ಹೆಚ್ಚುವ ಮಣೆ, ಚಪಾತಿಯ ಲಟ್ಟಣಿಗೆ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಒಂದು ಪೇಪರ್ ಕಟರ್, ಅಂಟಿನ ಬಾಟಲಿ. ನಡುವೆ ಮಗಳ ಟೇಬಲ್ ಟೆನಿಸ್ ಬ್ಯಾಟು, ಹಳೆಯ ರಬ್ಬರು ಕಳಚಿಕೊಂಡು ಬರಿಯ ಮರವಾಗಿ ಮಲಗಿದೆ.

ಧೋಬಿ ತಲಾವ್‌ನ ಕ್ರೀಡಾ ಸಾಮಾನಿನ ಅಂಗಡಿಸಾಲಿನಿಂದ ತಂದ ಪೊಟ್ಟಣವನ್ನು ಮಗಳೇ ಬಿಚ್ಚಿದಳು. ಹೊಸ ರಬ್ಬರಿನ ವಾಸನೆ ಮೂಗಿಗೆ ಅಡರಿತು. ಚೌಕದ ಹಾಳೆ, ಮೇಲೆ ನುಣ್ಣನೆಯ ಕೆಂಪು, ಅಡಿಯಲ್ಲಿ ಸ್ಪಂಜು. ಅಂಗಡಿಯವರೇ ಅಂಟಿಸಿ ಕತ್ತರಿಸಿ ಕೊಡುತ್ತಾರೆ, ನಿಜ. ಆದರೆ ಹಿಂದೊಮ್ಮೆ ಒಂದು ಅಂಗಡಿಯಲ್ಲಿ ಅವಸರದಿಂದ ಕತ್ತರಿಸಿ ಕೊಟ್ಟ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ಅವತ್ತಿನಿಂದ ಈ ಕೆಲಸ ಮನೆಯದೇ.

ಸ್ಪಂಜನ್ನು ಬೆರಳಲ್ಲಿ ಒತ್ತಿದಾಗಲೆಲ್ಲ ನನಗೆ ನೆನಪಾಗುವುದು ಇದೇ ಊರಿನ ಒಂದು ಕಥೆ. 1952ರ ಫೆಬ್ರವರಿಯಲ್ಲಿ ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಷಿಪ್ ಬೊಂಬಾಯಿಯಲ್ಲಿ ನಡೆಯಿತು. ಏಷ್ಯಾದ ನೆಲಕ್ಕೆ ಅದು ಬಂದದ್ದು ಅದೇ ಮೊದಲು. ಗುಳ್ಳೆಗುಳ್ಳೆ ರಬ್ಬರಿನ ಬ್ಯಾಟು ಟಕ್ ಟಕ್ ಎನ್ನುತ್ತಿದ್ದ ಕಾಲ. ಜಪಾನಿನ ಹಿರೋಜಿ ಸಾಟೊ ಎಂಬ ಕನ್ನಡಕದ ಆಟಗಾರ ದಪ್ಪ ಸ್ಪಂಜು ಹಚ್ಚಿದ ಬ್ಯಾಟು ಹಿಡಿದು ಬಂದ. ಅವನ ಹೊಡೆತಕ್ಕೆ ಸದ್ದೇ ಇಲ್ಲ. ಚೆಂಡಿನ ವೇಗವನ್ನು ಕಿವಿಯಿಂದಲೂ ಅಳೆಯುತ್ತಿದ್ದ ಘಟಾನುಘಟಿಗಳು ತಬ್ಬಿಬ್ಬಾದರು. ಪುರುಷರ ಸಿಂಗಲ್ಸ್ ಪಟ್ಟ ಅವನ ಪಾಲಾಯಿತು. ಆಮೇಲೆ ವರ್ಷಗಟ್ಟಲೆ ಜಗಳ. 1959ರಲ್ಲಿ ಬರಿಯ ಸ್ಪಂಜು ಬೇಡ, ರಬ್ಬರಿನ ಅಡಿಗೆ ಇರಲಿ, ಅಂಟೂ ಸೇರಿ ನಾಲ್ಕು ಮಿಲಿಮೀಟರ್ ಮೀರದಿರಲಿ ಎಂದು ಆಟದ ಅಂತರರಾಷ್ಟ್ರೀಯ ಒಕ್ಕೂಟ ಗೆರೆ ಎಳೆಯಿತು. ನಮ್ಮ ಮಣೆಯ ಮೇಲಿರುವ ಹಾಳೆ ಆ ಗೆರೆಯೊಳಗೆ ಹುಟ್ಟಿದ್ದು.

ಅಂಟನ್ನು ಸ್ಪಂಜಿಗೂ ಮರಕ್ಕೂ ತೆಳುವಾಗಿ ಸವರಿದೆವು. ಮೊದಲು ಹಾಲಿನಂತೆ ಬೆಳ್ಳಗಿರುತ್ತದೆ; ಒಣಗಿದರೆ ಮಾಯವಾಗಿ ತಿಳಿಯಾಗುತ್ತದೆ. ಮುಂಬೈ ಮಳೆಗಾಲದಲ್ಲಿ ಹಪ್ಪಳವೂ ಒಣಗದು, ಅಂಟೂ ಒಣಗದು. ಫ್ಯಾನಿನಡಿ ಇಟ್ಟು ಕಾದೆವು. ಮಗಳು ಮೂರು ಸಲ ಬೆರಳು ಚಾಚಿದಳು, ಮೂರು ಸಲವೂ ತಡೆದೆ. ಎಲ್ಲೂ ಬಿಳುಪು ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಹಿಡಿಕೆಯ ಕಡೆಯಿಂದ ರಬ್ಬರನ್ನು ಮೆಲ್ಲನೆ ಇಳಿಸಿ ಲಟ್ಟಣಿಗೆ ಉರುಳಿಸಿದೆ. ಎಳೆಯಬಾರದು, ಎಳೆದು ಅಂಟಿಸಿದ ರಬ್ಬರು ಆಮೇಲೆ ಕುಗ್ಗಿ ಅಂಚಿನಲ್ಲಿ ಮರ ಕಾಣಿಸುತ್ತದೆ.

ಈಗ ಬ್ಯಾಟನ್ನು ಮಗುಚಿದೆ. ರಬ್ಬರು ಮಣೆಗೆ, ಮರ ಮೇಲಕ್ಕೆ. ಮರದ ಅಂಚೇ ದಾರಿ ತೋರಿಸುತ್ತದೆ. ಕಟರಿನ ಅಲಗನ್ನು ಅದಕ್ಕೆ ತಾಗಿಸಿ, ಮೊದಲ ಸುತ್ತು ಹಗುರವಾಗಿ, ಬರಿಯ ಗೀಟು ಬೀಳುವಷ್ಟು. ಎರಡನೆಯ ಸುತ್ತಿಗೆ ಒತ್ತು. ತಿರುಗಬೇಕಾದ್ದು ಬ್ಯಾಟು, ಕೈಯಲ್ಲ. ಹೋದ ವರ್ಷ ಸವೆದ ಅಲಗಿನಿಂದ ಒಂದೇ ಏಟಿಗೆ ಮುಗಿಸಲು ಹೋಗಿ ಸ್ಪಂಜನ್ನು ಗರಗಸದ ಹಲ್ಲಿನಂತೆ ಮಾಡಿದ್ದೆ, ಮರವನ್ನೂ ಕೆತ್ತಿದ್ದೆ. ಆ ಗಾಯ ಇನ್ನೂ ಬ್ಯಾಟಿನ ಮೂಲೆಯಲ್ಲಿದೆ. ನೋಡಿದಾಗ ಈಗಲೂ ಸಂಕಟವಾಗುತ್ತದೆ.

"ಅಪ್ಪಾ, ಇನ್ನೊಂದು ಬದಿ ನಾನು ಮಾಡ್ತೀನಿ," ಎಂದಳು. ಆ ಬದಿಗೆ ಕಪ್ಪು ರಬ್ಬರನ್ನು ಹಾಗೆಯೇ ಅಂಟಿಸಿದೆವು. ಅವಳ ಕೈಗೆ ಕತ್ತರಿಯೇ ವಾಸಿ. ಅಲಗಿನ ಚಪ್ಪಟೆ ಮೈ ಮರಕ್ಕೆ ಒರಗಿರಬೇಕು, ಉದ್ದುದ್ದ ಕತ್ತರಿಸಬೇಕು, ತುದಿಯವರೆಗೆ ಮುಚ್ಚಬಾರದು. ಮುಚ್ಚಿದಲ್ಲೆಲ್ಲ ಒಂದು ಹಲ್ಲು ಏಳುತ್ತದೆ. ಕಪ್ಪು ರಬ್ಬರಿನ ಎಸಳು ಸುರುಳಿಯಾಗಿ ಕೆಳಗಿಳಿಯತೊಡಗಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ತಾಯಿ, "ಕರ್ಜಿಕಾಯಿ ಅಂಚು ಕತ್ತರಿಸಿದ ಹಾಗೇ ಇದೆಯಲ್ಲೇ," ಎಂದರು.

ನಿಯಮವೂ ಇಷ್ಟೇ ಕಟ್ಟುನಿಟ್ಟು: ರಬ್ಬರು ಮರದ ಅಂಚಿನವರೆಗೆ ಬರಬೇಕು, ಆಚೆ ಚಾಚಬಾರದು, ಬೆರಳು ಹಿಡಿಯುವ ಹಿಡಿಕೆಯ ಬಳಿ ಮಾತ್ರ ವಿನಾಯಿತಿ. ರಬ್ಬರಿನ ಮೇಲಿನ ಅಂತರರಾಷ್ಟ್ರೀಯ ಒಕ್ಕೂಟದ ಗುರುತು ಹಿಡಿಕೆಯ ಪಕ್ಕ ಕಾಣುವಂತಿರಬೇಕು. ಅಂಗೈಯಗಲದ ಮರದ ಸುತ್ತ ಒಂದು ಮಿಲಿಮೀಟರಿನ ಪ್ರಾಮಾಣಿಕತೆ! ಅದನ್ನು ಮಗಳು ತನ್ನ ಕೈಯಾರೆ ಕಲಿಯುತ್ತಿರುವುದು ನನಗೆ ಗೆದ್ದು ತಂದ ಕಪ್ಪಿಗಿಂತ ದೊಡ್ಡದು.

ಅಂಚಿಗೆ ಟೇಪು ಸುತ್ತಿ ಚೆಂಡು ಪುಟಿಸಿದಳು. ಮಳೆಯ ಸದ್ದಿನ ನಡುವೆ ಮೆತ್ತನೆಯ ಟಪ್, ಟಪ್.

ನೀವೂ ಮನೆಯಲ್ಲಿ ಕತ್ತರಿಸುವುದಾದರೆ, ಕಟರಿನ ಸವೆದ ತುದಿಯನ್ನು ಮೊದಲು ಮುರಿದು ಹಾಕಿ. ಪ್ರತಿ ರಬ್ಬರಿಗೂ ಹೊಸ ಅಲಗಿನಿಂದಲೇ ಶುರುಮಾಡಿ.